ಗ್ರೀಕ್ ಕವಚದ ಮೇಲಿನ ಪುರಾಣಚಿತ್ರಗಳನ್ನು ಓದುವ ಕ್ರಮ

ಗ್ರೀಕ್ ಪುರಾಣ, ಇತಿಹಾಸಗಳ ಬಗ್ಗೆ ಬರೆಯುವವರಿಗೆ ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಗುರಾಣಿಯದೋ ಶಿರಸ್ತ್ರಾಣದದೋ ಒಂದು ಫೋಟೋ, ಅದರಲ್ಲಿ ನಾಲಿಗೆ ಚಾಚಿದ ಮುಖ, ಇಲ್ಲವೇ ಸಿಂಹದೊಡನೆ ಸೆಣಸುವ ಗಂಡಸು, ಕೆಳಗೆ ಒಂದೇ ಸಾಲು: "ಇದರ ಅರ್ಥವೇನು?" ಕೇಳುವವರಿಗೆ ಬೇಕಾದದ್ದು ಒಂದು ಮಾತಿನ ಉತ್ತರ. ಸಿಂಹವೆಂದರೆ ಶೌರ್ಯ, ಹಾವೆಂದರೆ ಭಯ, ಗೂಬೆಯೆಂದರೆ ಜ್ಞಾನ. ಇಂಥ ಪಟ್ಟಿಗಳು ಅಂತರ್ಜಾಲದಲ್ಲಿ ಹೇರಳವಾಗಿವೆ, ಹೆಚ್ಚಿನವು ಕೆಲಸಕ್ಕೆ ಬಾರವು. ಗ್ರೀಕರ ಕೈಯಲ್ಲಿ ಅಂಥದೊಂದು ನಿಘಂಟು ಇರಲಿಲ್ಲ. ಒಂದೇ ಮುಖ ಶತ್ರುವಿನ ಕಡೆಗೆ ತಿರುಗಿದಾಗ ಒಂದು ಕೆಲಸ ಮಾಡುತ್ತಿತ್ತು, ದೇವಾಲಯದ ಗೋಡೆಗೆ ತೂಗಿದಾಗ ಇನ್ನೊಂದು ಕೆಲಸ ಮಾಡುತ್ತಿತ್ತು, ಹಾಸ್ಯನಾಟಕದ ರಂಗಕ್ಕೆ ಬಂದಾಗ ನಗೆಪಾಟಲಾಗುತ್ತಿತ್ತು.

ಹಾಗಾಗಿ ಅರ್ಥದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಚಿತ್ರ ಯಾವ ವಸ್ತುವಿನ ಮೇಲಿದೆ, ಯಾವ ಬದಿಯಲ್ಲಿದೆ, ಯಾರ ಕಣ್ಣಿಗೆ ಬೀಳಲೆಂದು ಇದೆ ಎಂಬುದು ಮೊದಲು ತಿಳಿಯಬೇಕು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ.

ಏನೇನು ಬೇಕು

ಒಂದು ಸ್ಪಷ್ಟವಾದ ಫೋಟೋ, ಸಾಧ್ಯವಾದರೆ ವಸ್ತುವಿನ ಎರಡೂ ಬದಿಗಳದ್ದು. ಅದನ್ನು ಇಟ್ಟುಕೊಂಡಿರುವ ಸಂಗ್ರಹಾಲಯದ ದಾಖಲೆಪುಟ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೊದಲಾದವು ತಮ್ಮ ದಾಖಲೆಗಳನ್ನು ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟಿವೆ. ದಾಖಲೆಯಲ್ಲಿ ಮೂರು ಸಂಗತಿ ನೋಡಿ: ಕಾಲ, ಸಿಕ್ಕಿದ ಸ್ಥಳ, ಲೋಹ. ಈ ಮೂರೂ ಇಲ್ಲದೆ ಅಲೆದಾಡುವ ಫೋಟೋವಾದರೆ ಅದರ ಮೇಲೆ ಹೊತ್ತು ಕಳೆಯಬೇಡಿ. ಅಂಥವುಗಳಲ್ಲಿ ಬಹಳಷ್ಟು ಅಲಂಕಾರಕ್ಕೆಂದು ಈಚೆಗೆ ತಯಾರಾದ ನಕಲುಗಳು.

ಕೆಲವು ಪದಗಳು ಮುಂದೆ ಮತ್ತೆ ಮತ್ತೆ ಬರುತ್ತವೆ. ಹಾಪ್ಲೈಟ್ ಎಂದರೆ ಭಾರವಾದ ಗುರಾಣಿ ಮತ್ತು ಈಟಿ ಹಿಡಿದು ಸಾಲಿನಲ್ಲಿ ನಿಂತು ಕಾದಾಡುವ ಕಾಲಾಳು. ಅವನ ದುಂಡು ಗುರಾಣಿ ಆಸ್ಪಿಸ್: ಸುಮಾರು 90 ಸೆಂಟಿಮೀಟರ್ ಅಗಲ, ಆರರಿಂದ ಎಂಟು ಕಿಲೋ ತೂಕ. ಗುರಾಣಿಯ ಮುಂಬದಿಯ ಚಿಹ್ನೆಗೆ ಎಪಿಸೇಮ ಎನ್ನುತ್ತಾರೆ. ಗಾರ್ಗೋನಿಯನ್ ಎಂದರೆ ಮೆಡೂಸಾ ಎಂಬ ಗಾರ್ಗನ್ ರಾಕ್ಷಸಿಯ ಕತ್ತರಿಸಿದ ತಲೆಯ ಚಿತ್ರ. ಈಜಿಸ್ ಎಂಬುದು ದೇವತೆಗಳ ಅರಸ ಜೀಯಸ್ ಮತ್ತು ಅವನ ಮಗಳು ಅಥೀನಾ ದೇವತೆ ಧರಿಸುವ ಮಾಯಾ ಹೊದಿಕೆ. ಸಾಮಾನ್ಯವಾಗಿ ಅದರ ಅಂಚಿನಲ್ಲಿ ಹಾವುಗಳೂ ನಡುವೆ ಮೆಡೂಸಾಳ ತಲೆಯೂ ಇರುತ್ತವೆ.

1. ಮುಂದಿರುವ ವಸ್ತು ಯಾವುದೆಂದು ತೀರ್ಮಾನಿಸಿ

ನೀವು ನೋಡುತ್ತಿರುವುದು ನಿಜವಾದ ಕವಚವೇ, ಮಡಕೆಯ ಮೇಲೆ ಚಿತ್ರಕಾರ ಬರೆದ ಕವಚವೇ, ಶಿಲ್ಪದ ಕವಚವೇ, ಇಲ್ಲವೇ ಕವಿ ಮಾತಿನಲ್ಲಿ ಕಟ್ಟಿದ ಕವಚವೇ? ಈ ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಅತಿ ಸಾಮಾನ್ಯವಾದ ತಪ್ಪು.

ನಿಜವಾದ ಕವಚದಲ್ಲಿ ನಮಗೆ ಉಳಿದಿರುವುದು ಬಹುಮಟ್ಟಿಗೆ ಕಂಚು. ಗುರಾಣಿಯ ಒಡಲು ಮರದ್ದು. ಅದು ಕೊಳೆತುಹೋಗಿದೆ, ಅದರ ಬಣ್ಣದ ಚಿತ್ರವೂ ಜೊತೆಯಲ್ಲೇ ಹೋಗಿದೆ. ಉಳಿದ ಕಂಚಿನಲ್ಲೂ ಚಿತ್ರವಿಲ್ಲದವೇ ಹೆಚ್ಚು. ಅಥೆನ್ಸಿನ ಅಗೋರಾ ಸಂಗ್ರಹಾಲಯದಲ್ಲಿ ಒಂದು ಜಜ್ಜಿಹೋದ ಗುರಾಣಿಯ ಹೊದಿಕೆ ಇದೆ. ಕ್ರಿ.ಪೂ. 425ರಲ್ಲಿ ಪೈಲಾಸ್ ಬಳಿ ಸೋತ ಸ್ಪಾರ್ಟಾದವರಿಂದ ಅಥೆನ್ಸಿನವರು ಕಿತ್ತುಕೊಂಡದ್ದು. ಅದರ ಮೇಲೆ ಕಾಣುವುದು ಗೆದ್ದವರು ಚುಚ್ಚಿ ಬರೆದ ಅಕ್ಷರಗಳು ಮಾತ್ರ: ಅಥೆನ್ಸಿನವರು, ಲಾಸಿಡಮೋನಿಯನ್ನರಿಂದ, ಪೈಲಾಸಿನಿಂದ. ಲಾಸಿಡಮೋನಿಯನ್ನರೆಂದರೆ ಸ್ಪಾರ್ಟಾದವರೇ. ಜೀಯಸ್‌ನ ಪುಣ್ಯಕ್ಷೇತ್ರವಾದ ಒಲಿಂಪಿಯಾದಲ್ಲಿ ಮಿಲ್ಟಿಯಾಡೀಸ್ ಎಂಬ ಹೆಸರಿನಲ್ಲಿ ಆ ದೇವರಿಗೆ ಅರ್ಪಿತವಾದ ಪ್ರಸಿದ್ಧ ಶಿರಸ್ತ್ರಾಣವಿದೆ. ಅದರ ಮೇಲೂ ದೇವರಿಲ್ಲ, ರಾಕ್ಷಸರಿಲ್ಲ. ಪ್ರತಿಯೊಬ್ಬ ಗ್ರೀಕ್ ಸೈನಿಕನೂ ಮೈತುಂಬ ಪುರಾಣ ಹೊತ್ತು ನಡೆಯುತ್ತಿದ್ದ ಎಂಬ ಕಲ್ಪನೆ ಸಿನಿಮಾದಿಂದ ಬಂದದ್ದು.

ಮಡಕೆಗಳ ಕಥೆ ಬೇರೆ. ಅಲ್ಲಿ ಗುರಾಣಿಯ ಚಿಹ್ನೆಯನ್ನು ಆರಿಸಿದವನು ಯೋಧನಲ್ಲ, ಚಿತ್ರಕಾರ. ಅಥೆನ್ಸಿನ ಕ್ರೀಡೋತ್ಸವದಲ್ಲಿ ಗೆದ್ದವರಿಗೆ ಎಣ್ಣೆ ತುಂಬಿ ಕೊಡುತ್ತಿದ್ದ ದೊಡ್ಡ ಜಾಡಿಗಳ ಮೇಲೆ ಗುರಾಣಿ ಹಿಡಿದ ಅಥೀನಾ ಇರುತ್ತಾಳೆ. ವಿದ್ವಾಂಸರು ಕ್ಲಿಯೋಫ್ರಾಡೀಸ್ ಚಿತ್ರಕಾರನೆಂದು ಕರೆಯುವವನ ಜಾಡಿಗಳಲ್ಲಿ ಆ ಗುರಾಣಿಯ ಮೇಲೆ ಹಾರುವ ಕುದುರೆ ಪೆಗಾಸಸ್. ಬರ್ಲಿನ್ ಚಿತ್ರಕಾರನೆಂದು ಹೆಸರಿಟ್ಟವನ ಜಾಡಿಗಳಲ್ಲಿ ಗಾರ್ಗೋನಿಯನ್. ದೇವತೆ ಒಬ್ಬಳೇ, ಗುರಾಣಿ ಬೇರೆ ಬೇರೆ. ಹೀಗಿರುವಾಗ "ಅಥೀನಾಳ ಗುರಾಣಿಯಲ್ಲಿ ಪೆಗಾಸಸ್ ಯಾಕಿದೆ" ಎಂಬ ಪ್ರಶ್ನೆಗೆ ಪುರಾಣದಲ್ಲಿ ಉತ್ತರ ಹುಡುಕುವುದು ವ್ಯರ್ಥ. ಅದು ಕುಶಲಕರ್ಮಿಯ ಗುರುತು ಎಂಬುದು ಹೆಚ್ಚು ನಂಬಬಹುದಾದ ವಿವರಣೆ.

ಕವಿಗಳ ಕವಚವನ್ನು ಯಾರೂ ಲೋಹದಲ್ಲಿ ಬಡಿದಿಲ್ಲ. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ರಚಿಸಿದ ಇಲಿಯಡ್ ಮಹಾಕಾವ್ಯದ 18ನೆಯ ಪರ್ವದಲ್ಲಿ ಹೆಫೀಸ್ಟಸ್ ದೇವರು ಗ್ರೀಕ್ ವೀರ ಅಕಿಲೀಸ್‌ಗೆ ಮಾಡಿಕೊಡುವ ಗುರಾಣಿಯಲ್ಲಿ ಭೂಮಿ, ಆಕಾಶ, ಕಡಲು, ಎರಡು ಊರುಗಳು, ಉಳುಮೆ, ಕೊಯ್ಲು, ಕುಣಿತ, ಅಂಚಿನಲ್ಲಿ ಸುತ್ತ ಹರಿಯುವ ಓಷಿಯಾನಸ್ ನದಿ ಎಲ್ಲವೂ ಇವೆ. ಯುರಿಪಿಡೀಸ್ ತನ್ನ ಎಲೆಕ್ಟ್ರಾ ನಾಟಕದಲ್ಲಿ ಅದೇ ಅಕಿಲೀಸನ ಗುರಾಣಿಗೆ ಮೆಡೂಸಾಳ ತಲೆ ಹಿಡಿದ ವೀರ ಪರ್ಸಿಯಸ್ಸನನ್ನೂ, ಶಿರಸ್ತ್ರಾಣಕ್ಕೆ ಬೇಟೆಯನ್ನು ಉಗುರಲ್ಲಿ ಹಿಡಿದ ಸ್ಫಿಂಕ್ಸ್‌ಗಳನ್ನೂ ಕೊಡುತ್ತಾನೆ. ಇಬ್ಬರಲ್ಲಿ ಯಾರದು ಸರಿ ಎಂದು ಕೇಳುವಂತಿಲ್ಲ. ಒಬ್ಬನಿಗೆ ಯುದ್ಧದಾಚೆಯ ಬದುಕನ್ನು ಗುರಾಣಿಯೊಳಗೆ ತರಬೇಕಿತ್ತು. ಇನ್ನೊಬ್ಬನ ನಾಟಕದಲ್ಲಿ ಕೊಲೆಯೊಂದು ನಡೆಯಲಿದೆ, ಅವನಿಗೆ ಕತ್ತರಿಸಿದ ತಲೆಯೇ ಬೇಕು.

2. ಕಾಲವನ್ನು ಗಟ್ಟಿಮಾಡಿಕೊಳ್ಳಿ

ಇದು ಚಿಕ್ಕ ಹಂತ, ಆದರೆ ಬಿಟ್ಟರೆ ಮುಂದಿನದೆಲ್ಲ ಜಾರುತ್ತದೆ. ಕ್ರಿ.ಪೂ. 7ನೆಯ ಶತಮಾನದಿಂದ 4ನೆಯ ಶತಮಾನದವರೆಗೆ ಕಥೆಗಳೂ ಅವುಗಳ ಬಳಕೆಯೂ ಬದಲಾಗುತ್ತ ಬಂದಿವೆ. ಉದಾಹರಣೆಗೆ ಅಮೆಜಾನರು, ಅಂದರೆ ಗ್ರೀಕರ ಕಥೆಗಳ ಯೋಧ ಸ್ತ್ರೀಯರು. ಅವರೊಡನೆ ಗ್ರೀಕ್ ವೀರರು ಕಾದಾಡುವ ಚಿತ್ರ ಕಂಡ ಕೂಡಲೇ "ಇದು ಪರ್ಷಿಯನ್ನರ ಮೇಲಿನ ಗೆಲುವಿನ ಸಂಕೇತ" ಎಂದು ಬರೆಯುವುದು ರೂಢಿಯಾಗಿದೆ. ಕ್ರಿ.ಪೂ. 490–479ರ ಪರ್ಷಿಯನ್ ಯುದ್ಧಗಳ ನಂತರದ ಅಥೆನ್ಸಿನ ಕೃತಿಗೆ ಈ ಮಾತು ಹೊಂದಬಹುದು. ಆದರೆ ಪುರಾಣವೀರ ಹೆರಾಕ್ಲೀಸ್ ಅಮೆಜಾನರೊಡನೆ ಹೋರಾಡುವ ಚಿತ್ರಗಳು ಆ ಯುದ್ಧಗಳಿಗಿಂತ ಮೊದಲೇ, 6ನೆಯ ಶತಮಾನದ ಮಡಕೆಗಳಲ್ಲಿ ತುಂಬಿವೆ. ಅವಕ್ಕೆ ಪರ್ಷಿಯಾವನ್ನು ಅಂಟಿಸಲಾಗದು.

ರೋಮನ್ ಕವಚವನ್ನು ಗ್ರೀಕ್ ಎಂದು ತಿಳಿಯುವುದು ಇಲ್ಲಿನ ಇನ್ನೊಂದು ಅಪಾಯ. ಎದೆಯ ಮೇಲೆ ತುಂಬ ಪಾತ್ರಗಳ ಕಿಕ್ಕಿರಿದ ಉಬ್ಬುಚಿತ್ರವಿರುವ ಅಮೃತಶಿಲೆಯ ಪ್ರತಿಮೆ ಕಂಡರೆ ಬಹುಪಾಲು ಅದು ರೋಮನ್ ಚಕ್ರವರ್ತಿಯದು.

3. ಯಾರ ಕಣ್ಣಿಗೆ ಎಂದು ಕೇಳಿ

ಇಡೀ ಕ್ರಮದಲ್ಲಿ ಒಂದೇ ಹಂತವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ರೋಮ್‌ನ ವಿಲ್ಲಾ ಜೂಲಿಯಾ ಸಂಗ್ರಹಾಲಯದಲ್ಲಿ ಚೀಜಿ ಹೂಜಿ ಎಂಬ ಚಿಕ್ಕ ಪಾತ್ರೆ ಇದೆ. ಕಾಲ ಸುಮಾರು ಕ್ರಿ.ಪೂ. 650–640. ಅದರ ಮೇಲೆ ಎರಡು ಸೇನೆಗಳು ಎದುರುಬದುರಾಗಿ ನುಗ್ಗುತ್ತಿವೆ. ಬಲಕ್ಕೆ ನಡೆಯುವ ಸೇನೆಯ ಗುರಾಣಿಗಳ ಒಳಬದಿ ನಮಗೆ ಕಾಣುತ್ತದೆ: ಮುಂಗೈ ತೂರಿಸುವ ಪಟ್ಟಿ, ಬೆರಳಲ್ಲಿ ಹಿಡಿಯುವ ಹಿಡಿ. ಎಡಕ್ಕೆ ನಡೆಯುವವರ ಹೊರಬದಿ ಕಾಣುತ್ತದೆ: ಹಕ್ಕಿ, ಪ್ರಾಣಿಗಳ ತಲೆ, ಗಾರ್ಗನ್ನಿನ ಮುಖ. ಗುರಾಣಿಗೆ ಎರಡು ಮುಖಗಳಿವೆ, ಎರಡಕ್ಕೂ ಬೇರೆ ಬೇರೆ ನೋಡುಗರಿದ್ದಾರೆ ಎಂಬುದನ್ನು ಆ ಚಿತ್ರಕಾರ ಒಂದೇ ಪಟ್ಟಿಯಲ್ಲಿ ತೋರಿಸಿಬಿಟ್ಟಿದ್ದಾನೆ.

ಹೊರಬದಿ ಶತ್ರುವಿಗೆ. ಹೊತ್ತವನಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಅಲ್ಲಿ ದೂರದಿಂದ ಒಂದೇ ನೋಟಕ್ಕೆ ಹೊಡೆಯುವ ರೂಪ ಬೇಕು: ನೇರ ದಿಟ್ಟಿಸುವ ಮುಖ, ಎರಗುವ ಹದ್ದು, ಗೂಳಿಯ ತಲೆ. ಒಲಿಂಪಿಯಾದಲ್ಲಿ ಸಿಕ್ಕ ಕ್ರಿ.ಪೂ. 6ನೆಯ ಶತಮಾನದ ಕಂಚಿನ ಎಪಿಸೇಮವೊಂದರಲ್ಲಿ ನಡುವೆ ಗಾರ್ಗನ್ ಮುಖ, ಸುತ್ತ ಮೂರು ರೆಕ್ಕೆಗಳು ತಿರುಗುವ ಚಕ್ರದಂತೆ ಬಾಗಿವೆ. ನಿಂತ ಗುರಾಣಿಯೂ ಗಿರಗಿರನೆ ಸುತ್ತುವಂತೆ ಕಾಣಲೆಂದೇ ಮಾಡಿದ ರಚನೆ ಅದು.

ಒಳಬದಿಯ ವಿಚಾರವನ್ನು ಹೆಚ್ಚಿನ ಬರಹಗಳು ಮುಟ್ಟುವುದೇ ಇಲ್ಲ, ನಿಜವಾದ ಸ್ವಾರಸ್ಯ ಇರುವುದು ಅಲ್ಲಿಯೇ. ಒಲಿಂಪಿಯಾದ ಅಗೆತದಲ್ಲಿ ಗುರಾಣಿಯ ಒಳಗೆ, ಮುಂಗೈ ಪಟ್ಟಿಯ ಮೇಲೆ ಕೆಳಗೆ ಅಂಟಿಸುತ್ತಿದ್ದ ಕಂಚಿನ ಉದ್ದ ಪಟ್ಟಿಗಳು ಬಹಳಷ್ಟು ಸಿಕ್ಕಿವೆ. ಒಂದೊಂದು ಪಟ್ಟಿಯಲ್ಲೂ ಚಿಕ್ಕ ಚಿಕ್ಕ ಚೌಕಗಳು, ಒಂದೊಂದು ಚೌಕದಲ್ಲೂ ಒಂದು ಕಥೆ. ಹೆರಾಕ್ಲೀಸ್ ಸಿಂಹವನ್ನು ಹಿಡಿದಿದ್ದಾನೆ, ಥೀಸಿಯಸ್ ಗೂಳಿತಲೆಯ ಮಿನೋಟಾರನನ್ನು ಇರಿಯುತ್ತಿದ್ದಾನೆ, ಪರ್ಸಿಯಸ್ ಮೆಡೂಸಾಳ ಕುತ್ತಿಗೆಗೆ ಕತ್ತಿ ಇಟ್ಟಿದ್ದಾನೆ, ಜೀಯಸ್ ಟೈಫಾನ್ ಎಂಬ ಹಾವುಗಾಲಿನ ದೈತ್ಯನ ಮೇಲೆ ಸಿಡಿಲು ಎತ್ತಿದ್ದಾನೆ. ಇಷ್ಟರವರೆಗೆ ಗೆಲುವಿನ ಕಥೆಗಳು. ಆದರೆ ಅದೇ ಪಟ್ಟಿಗಳಲ್ಲಿ ಟ್ರಾಯ್‌ನ ಮುದಿ ಅರಸ ಪ್ರಿಯಾಮ್‌ನ ಕೊಲೆಯೂ ಇದೆ, ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ ಗ್ರೀಕ್ ವೀರ ಅಜಾಕ್ಸನೂ ಇದ್ದಾನೆ. ಈ ಪುಟ್ಟ ಚಿತ್ರಗಳು ಶತ್ರುವಿಗೆ ಕಾಣುವಂತಿರಲಿಲ್ಲ. ಗುರಾಣಿಯನ್ನು ತೋಳಿಗೇರಿಸುವವನಿಗೆ, ಅವನ ಪಕ್ಕದವನಿಗೆ, ಮುಂದೆ ಅದನ್ನು ಕೈಗೆತ್ತಿಕೊಂಡ ಅರ್ಚಕನಿಗೆ ಮಾತ್ರ ಕಾಣುತ್ತಿದ್ದವು. ಶತ್ರುವನ್ನು ಹೆದರಿಸುವ ವಿವರಣೆ ಇಲ್ಲಿ ನಡೆಯದು. ನನ್ನ ಮಟ್ಟಿಗೆ, ಹೊರಗಿನ ಮುಖ ಕೂಗುತ್ತದೆ, ಒಳಗಿನ ಪಟ್ಟಿ ಕಥೆ ಹೇಳುತ್ತದೆ. ಆ ಕಥೆಗಳಲ್ಲಿ ಸಾವೂ ಸೇರಿತ್ತು ಎಂಬುದನ್ನು ಮರೆಮಾಚಬಾರದು.

ಇದೇ ಒಳ–ಹೊರ ವ್ಯತ್ಯಾಸವನ್ನು ಫಿಡಿಯಾಸ್ ಎಂಬ ಶಿಲ್ಪಿ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡ. ಕ್ರಿ.ಪೂ. 438ರಲ್ಲಿ ಪಾರ್ಥೆನಾನ್ ದೇಗುಲದಲ್ಲಿ ಪ್ರತಿಷ್ಠೆಯಾದ ಅವನ ಅಥೀನಾಳ ಗುರಾಣಿಯ ಹೊರಗೆ ಅಮೆಜಾನರ ಯುದ್ಧ, ಒಳಗೆ ದೇವತೆಗಳು ಮತ್ತು ದೈತ್ಯರ ಯುದ್ಧ, ಪಾದರಕ್ಷೆಯ ಅಂಚಿನಲ್ಲಿ ಅರೆಕುದುರೆ ಮೈಯ ಸೆಂಟಾರರೊಡನೆ ಕಾಳಗ ಇದ್ದವೆಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಮೂಲ ಪ್ರತಿಮೆ ಉಳಿದಿಲ್ಲ. ಗುರಾಣಿಯ ಹೊರಬದಿಯ ಒಂದು ಪ್ರಾಚೀನ ನಕಲು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮೂರನೆಯ ನೋಡುಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ದೇವರು. ನಮಗೆ ಸಿಕ್ಕಿರುವ ಕವಚಗಳಲ್ಲಿ ದೊಡ್ಡ ಪಾಲು ರಣರಂಗದಿಂದ ಬಂದದ್ದಲ್ಲ, ಒಲಿಂಪಿಯಾದಂಥ ಕ್ಷೇತ್ರಗಳಿಗೆ ಹರಕೆಯಾಗಿ ಸಂದದ್ದು. ಕೆಲವನ್ನು ಹರಕೆಗೆಂದೇ ಮಾಡಿಸಿರಬಹುದು. ತೆಳು ತಗಡು, ಏಟಿನ ಗುರುತಿಲ್ಲದ ಮೈ, ಅತಿಯಾದ ಕುಸುರಿ ಇದ್ದರೆ ಈ ಸಾಧ್ಯತೆಯನ್ನು ಬರೆದಿಟ್ಟುಕೊಳ್ಳಿ.

4. ಪಾತ್ರವನ್ನು ಗುರುತಿಸಿ, ಆದರೆ ಅವಸರ ಬೇಡ

ಗ್ರೀಕ್ ಕಲೆಯಲ್ಲಿ ಪಾತ್ರಗಳನ್ನು ಮುಖದಿಂದಲ್ಲ, ಕೈಯಲ್ಲಿರುವುದರಿಂದ ಗುರುತಿಸಬೇಕು. ಸಿಡಿಲು ಜೀಯಸ್‌ನದು, ತ್ರಿಶೂಲ ಕಡಲದೇವ ಪೊಸೈಡನ್‌ನದು. ಸಿಂಹದ ಚರ್ಮ ಮತ್ತು ದೊಣ್ಣೆ ಹೆರಾಕ್ಲೀಸ್‌ನವು. ಮೂರು ಕಾಲಿನ ಪೀಠ ಅಪೊಲೋವಿನದು. ಅದನ್ನು ಇಬ್ಬರು ಎಳೆದಾಡುತ್ತಿದ್ದರೆ ಡೆಲ್ಫಿಯಲ್ಲಿ ಅಪೊಲೋ ಮತ್ತು ಹೆರಾಕ್ಲೀಸ್ ಜಗಳವಾಡಿದ ಕಥೆ. ರೆಕ್ಕೆಯ ಸಿಂಹಿಣಿಗೆ ಹೆಣ್ಣಿನ ತಲೆಯಿದ್ದರೆ ಸ್ಫಿಂಕ್ಸ್. ಸಿಂಹದ ಬೆನ್ನಿನಿಂದ ಆಡಿನ ತಲೆ ಎದ್ದು, ಬಾಲ ಹಾವಾಗಿದ್ದರೆ ಕೈಮೀರಾ.

ಎರಡು ಎಚ್ಚರಿಕೆಗಳು. ಬರೀ ಸಿಂಹ, ಬರೀ ಹಂದಿ, ಬರೀ ಗೂಳಿ ಇದ್ದರೆ ಅದಕ್ಕೆ ಪುರಾಣ ಹುಡುಕಬೇಡಿ. ಹೋಮರನ ಉಪಮೆಗಳಲ್ಲಿ ನುಗ್ಗುವ ವೀರನಿಗೆ ಈ ಪ್ರಾಣಿಗಳೇ ಸಾಟಿ, ಅಷ್ಟು ಸಾಕು. ಇನ್ನು, ಹೆಸರು ಸಿಗದ ಪಾತ್ರಕ್ಕೆ ಹೆಸರು ಕಟ್ಟಬೇಡಿ. ಕ್ರೀಟ್ ದ್ವೀಪದ, ಕ್ರಿ.ಪೂ. 7ನೆಯ ಶತಮಾನದ ಕೊನೆಯ ಒಂದು ಸೊಗಸಾದ ಕಂಚಿನ ಶಿರಸ್ತ್ರಾಣ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಎರಡೂ ಪಕ್ಕಗಳಲ್ಲಿ ರೆಕ್ಕೆಯುಳ್ಳ ಇಬ್ಬಿಬ್ಬರು ಯುವಕರು ಹೆಣೆದುಕೊಂಡ ಹಾವುಗಳನ್ನು ಹಿಡಿದು ನಿಂತಿದ್ದಾರೆ. ಇವರಿಗೆ ಎಲ್ಲರೂ ಒಪ್ಪಿದ ಹೆಸರಿಲ್ಲ. "ಹಾವು ಹಿಡಿದ ರೆಕ್ಕೆಯ ಯುವಕರು" ಎಂದು ಬರೆದು ಮುಂದೆ ಹೋಗುವುದೇ ಪ್ರಾಮಾಣಿಕ ಓದು.

5. ಗಾರ್ಗನ್ ಮುಖವಿದ್ದರೆ ಇಲ್ಲಿ ನಿಲ್ಲಿ

ಹತ್ತು ಪ್ರಶ್ನೆ ಬಂದರೆ ಅರ್ಧಕ್ಕಿಂತ ಹೆಚ್ಚು ಈ ಮುಖದ್ದೇ ಆಗಿರುವುದರಿಂದ ಇದಕ್ಕೊಂದು ಪ್ರತ್ಯೇಕ ಹಂತ.

ಕಥೆಯ ಎಲುಬು ಇಷ್ಟು: ಮೂವರು ಗಾರ್ಗನ್ ಅಕ್ಕತಂಗಿಯರಲ್ಲಿ ಮೆಡೂಸಾ ಒಬ್ಬಳಿಗೆ ಮಾತ್ರ ಸಾವುಂಟು. ಅವಳನ್ನು ನೋಡಿದವರು ಕಲ್ಲಾಗುತ್ತಾರೆ. ಪರ್ಸಿಯಸ್ ಅವಳ ತಲೆ ಕತ್ತರಿಸುತ್ತಾನೆ; ಆ ತಲೆ ಕೊನೆಗೆ ಅಥೀನಾಳ ಈಜಿಸ್ ಸೇರುತ್ತದೆ. ಹಳೆಯ ಗಾರ್ಗೋನಿಯನ್ ದುಂಡುಮುಖದ್ದು: ಅಗಲವಾಗಿ ತೆರೆದ ಕಣ್ಣು, ಕೋರೆಹಲ್ಲು, ಚಾಚಿದ ನಾಲಿಗೆ, ಹಾವಿನ ಕೂದಲು, ಕೆಲವೊಮ್ಮೆ ಗಡ್ಡ ಕೂಡ. ಗ್ರೀಕ್ ಕಲೆಯಲ್ಲಿ ಸಾಮಾನ್ಯವಾಗಿ ಮುಖಗಳು ಪಕ್ಕಕ್ಕೆ ತಿರುಗಿರುತ್ತವೆ. ಇದು ಮಾತ್ರ ನೇರವಾಗಿ ನಿಮ್ಮನ್ನೇ ನೋಡುತ್ತದೆ. ಅದರ ಬಲವೆಲ್ಲ ಆ ನೋಟದಲ್ಲಿದೆ.

ಇಲಿಯಡ್‌ನ 11ನೆಯ ಪರ್ವದಲ್ಲಿ ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನ್ ಹಿಡಿಯುವ ಗುರಾಣಿಯ ನಡುವೆ ಭೀಕರವಾಗಿ ದಿಟ್ಟಿಸುವ ಗಾರ್ಗನ್ ಇದ್ದಾಳೆ. ಅವಳ ಅಕ್ಕಪಕ್ಕ ಭಯ ಮತ್ತು ದಿಗಿಲು ಎಂಬ ಎರಡು ಶಕ್ತಿಗಳು, ಫೋಬೋಸ್ ಮತ್ತು ಡೈಮೋಸ್. ಗುರಾಣಿಯ ಪಟ್ಟಿಯಲ್ಲಿ ಮೂರು ತಲೆಯ ಸರ್ಪ. ಚಿತ್ರ ಭಯವನ್ನು ಸೂಚಿಸುತ್ತದೆ ಎನ್ನುವುದಕ್ಕಿಂತ, ಭಯವನ್ನೇ ಗುರಾಣಿಗೆ ಕಟ್ಟಿ ಒಯ್ದಿದ್ದಾನೆ ಎನ್ನುವುದು ಹೋಮರನಿಗೆ ಹತ್ತಿರವಾದ ಮಾತು. ವಿದ್ವಾಂಸರು ಇಂಥ ಚಿತ್ರವನ್ನು ಕೇಡು ತಡೆಯುವ ಚಿತ್ರ ಎನ್ನುತ್ತಾರೆ. ಕಟ್ಟುತ್ತಿರುವ ಮನೆಯ ಮುಂದೆ ನಾವು ತೂಗುಹಾಕುವ ದೃಷ್ಟಿಬೊಂಬೆಯನ್ನು ನೆನೆದರೆ ಈ ತರ್ಕ ತಟ್ಟನೆ ಹೊಳೆಯುತ್ತದೆ.

ಹಾಗೆಂದು ಹೊಯ್ಸಳ ದೇಗುಲಗಳ ಕೀರ್ತಿಮುಖವೂ ಗಾರ್ಗೋನಿಯನ್ನೂ ಒಂದೇ ಎಂದು ಹೊರಡಬೇಡಿ. ಓದುಗರಲ್ಲಿ ಅನೇಕರು ಈ ಹೋಲಿಕೆಯನ್ನು ಕಂಡು ಪುಳಕಗೊಳ್ಳುತ್ತಾರೆ. ಮುಖಗಳ ಹೋಲಿಕೆ ನಿಜ, ಆದರೆ ಹೋಲಿಕೆಯೊಂದೇ ಸಂಬಂಧಕ್ಕೆ ಪುರಾವೆಯಾಗದು. ಕಥೆಗಳಂತೂ ಬೇರೆಯೇ. ಕೀರ್ತಿಮುಖ ಶಿವನ ಆಜ್ಞೆಯಂತೆ ತನ್ನ ಮೈಯನ್ನೇ ತಿಂದು ಮುಖವಾಗಿ ಉಳಿದ, ಶಿವನಿಂದಲೇ ಗೌರವ ಪಡೆದ ಗಣ. ಗಾರ್ಗೋನಿಯನ್ ಸೋತ ವೈರಿಯ ತಲೆ. ಕೊಂದವರು ಅದನ್ನು ಆಯುಧ ಮಾಡಿಕೊಂಡಿದ್ದಾರೆ.

ಇನ್ನೂ ದೊಡ್ಡ ಹಳ್ಳವೆಂದರೆ ರೋಮನ್ ಕವಿ ಓವಿಡ್. ಪೊಸೈಡನ್ ಅಥೀನಾಳ ಗುಡಿಯಲ್ಲೇ ಮೆಡೂಸಾಳ ಮೇಲೆ ಅತ್ಯಾಚಾರ ಮಾಡಿದ, ಅಥೀನಾ ಶಿಕ್ಷೆಯಾಗಿ ಅವಳ ಕೂದಲನ್ನು ಹಾವಾಗಿಸಿದಳು ಎಂಬ ಕಥೆ ಇಂದು ಎಲ್ಲರಿಗೂ ಗೊತ್ತು. ಅದು ಕ್ರಿ.ಶ. 1ನೆಯ ಶತಮಾನದ ಆರಂಭದ ಅವನ ಮೆಟಮಾರ್ಫಸಿಸ್ ಕಾವ್ಯದಿಂದ ಬಂದದ್ದು. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಹೇಳುವ ಹಳೆಯ ಕಥೆಯಲ್ಲಿ ಶಾಪವಿಲ್ಲ, ಗುಡಿಯಿಲ್ಲ. ಹೂಬಿಟ್ಟ ಹುಲ್ಲುಗಾವಲಿನಲ್ಲಿ ಪೊಸೈಡನ್ ಅವಳೊಡನೆ ಮಲಗಿದ ಎಂದಷ್ಟೇ ಇದೆ. ಓವಿಡ್‌ನಿಗಿಂತ 600 ವರ್ಷ ಹಿಂದಿನ ಗುರಾಣಿಯ ಮೇಲೆ "ಅನ್ಯಾಯಕ್ಕೊಳಗಾದ ಹೆಣ್ಣಿನ ಕೋಪ"ವನ್ನು ಓದುವುದು ಇಂದಿನ ನಮ್ಮ ಮನಸ್ಸಿಗೆ ಹಿತ, ಇತಿಹಾಸಕ್ಕೆ ಅಲ್ಲ.

ಮುಖದ ರೂಪದಿಂದ ಕಾಲದ ಅಂದಾಜೂ ಸಿಗುತ್ತದೆ. ಕೋರೆಹಲ್ಲಿನ ವಿಕಾರ ಕಾಲಕ್ರಮೇಣ ಕರಗಿ, 5ನೆಯ ಶತಮಾನದ ನಂತರ ಚೆಲುವಾದ, ನೋವಿನ ಛಾಯೆಯ ಹೆಣ್ಣುಮುಖ ಹೆಚ್ಚಾಗುತ್ತದೆ. ಪಾಂಪೇಯಲ್ಲಿ ಸಿಕ್ಕಿ ಈಗ ನೇಪಲ್ಸಿನಲ್ಲಿರುವ ಅಲೆಕ್ಸಾಂಡರನ ಪ್ರಸಿದ್ಧ ಮೊಸಾಯಿಕ್‌ನಲ್ಲಿ, ಅಂದರೆ ಬಣ್ಣದ ಕಲ್ಲಿನ ಚೂರುಗಳಿಂದ ಕೂಡಿಸಿದ ಚಿತ್ರದಲ್ಲಿ, ಅವನ ಎದೆಕವಚದ ಮೇಲೆ ಗಾರ್ಗೋನಿಯನ್ ಇದೆ. ಗುರಾಣಿಯಿಂದ ಎದೆಗೆ ಬಂದಾಗ ಅದರ ಒತ್ತು ಬದಲಾಗಿದೆ ಎಂದು ನನ್ನ ಅನಿಸಿಕೆ. ಎದೆಯ ಮೇಲೆ ಈಜಿಸ್‌ನ ತಲೆ ಧರಿಸುವುದು ಅಥೀನಾ ಮತ್ತು ಜೀಯಸ್ ಮಾಡುವ ಕೆಲಸ. ಅದನ್ನು ಧರಿಸಿದ ಅರಸ ತನ್ನ ಸ್ಥಾನ ಯಾವುದೆಂದು ಹೇಳಿಕೊಳ್ಳುತ್ತಿದ್ದಾನೆ.

6. ಊರಿನ ಗುರುತೋ, ಮನೆತನದ್ದೋ, ಒಬ್ಬನದ್ದೋ?

ಹಳೆಯ ಕಾಲದಲ್ಲಿ ಚಿಹ್ನೆ ಬಹುಮಟ್ಟಿಗೆ ಯೋಧನ ಇಷ್ಟಕ್ಕೆ ಬಿಟ್ಟದ್ದು, ಕ್ರಿ.ಪೂ. 5ನೆಯ ಶತಮಾನದ ಉತ್ತರಾರ್ಧದಿಂದ ಊರಿಗೊಂದೇ ಚಿಹ್ನೆಯ ಪ್ರಸ್ತಾಪಗಳು ಸಿಗುತ್ತವೆ. ಸ್ಪಾರ್ಟಾಕ್ಕೆ ಲಾಸಿಡಮೋನ್ ಎಂಬ ಹೆಸರಿನ ಮೊದಲಕ್ಷರ ಲ್ಯಾಂಬ್ಡಾ. ಸಿಕಿಯಾನ್ ಊರಿಗೆ ಸಿಗ್ಮಾ. ಕ್ರಿ.ಪೂ. 392ರಲ್ಲಿ ಸ್ಪಾರ್ಟಾದ ಪಾಸಿಮಾಕಸ್ ಸಿಕಿಯಾನಿನವರ ಗುರಾಣಿಗಳನ್ನು ಹಿಡಿದು ಶತ್ರುವಿನ ಮೇಲೆ ಹೋದ. ಸಿಗ್ಮಾ ನೋಡಿದ ಆರ್ಗಾಸ್ ಊರಿನ ಶತ್ರುಗಳು, ಇವರು ಸಿಕಿಯಾನಿನವರು, ಇವರೇನು ಮಹಾ ಎಂದು ಹೆದರಲಿಲ್ಲ. ಥೀಬ್ಸ್‌ನದು ಹೆರಾಕ್ಲೀಸನ ದೊಣ್ಣೆ, ಏಕೆಂದರೆ ಅವನು ಹುಟ್ಟಿದ್ದು ಅಲ್ಲಿ. ಕ್ರಿ.ಪೂ. 362ರ ಮ್ಯಾಂಟಿನಿಯಾ ಯುದ್ಧಕ್ಕೆ ಮುನ್ನ ಥೀಬ್ಸ್‌ನ ಮಿತ್ರರಾದ ಆರ್ಕೇಡಿಯಾದ ಸೈನಿಕರೂ ತಾವು ಥೀಬ್ಸ್‌ನವರೇ ಎಂಬಂತೆ ದೊಣ್ಣೆಯನ್ನು ಬರೆಸಿಕೊಂಡರು. ಈ ಎರಡು ಪ್ರಸಂಗಗಳನ್ನೂ ಹೇಳುವವನು ಆ ಕಾಲದಲ್ಲೇ ಬದುಕಿದ್ದ ಇತಿಹಾಸಕಾರ ಕ್ಸೆನೋಫನ್. ಇಲ್ಲಿ ದೊಣ್ಣೆಗೆ ಪುರಾಣದ ಆಳವಾದ ಅರ್ಥ ಹುಡುಕುವುದಕ್ಕಿಂತ, ಗೆಲ್ಲುವ ಪಕ್ಷದ ಹೆಸರಿನಲ್ಲಿ ಕಾಣಿಸಿಕೊಳ್ಳುವ ಆಸೆಯನ್ನು ನೋಡಿ.

ಮನೆತನದ ಚಿಹ್ನೆಗೆ ಒಳ್ಳೆಯ ಉದಾಹರಣೆ ಅದೇ ಮ್ಯಾಂಟಿನಿಯಾದಲ್ಲಿ ಮಡಿದ ಥೀಬ್ಸ್‌ನ ಸೇನಾನಿ ಎಪಮಿನಾಂಡಸ್. ಅವನ ಸಮಾಧಿಯ ಕಂಬದ ಗುರಾಣಿಯ ಮೇಲೆ ಸರ್ಪವಿತ್ತು. ಪುರಾಣದಲ್ಲಿ ಥೀಬ್ಸ್ ಕಟ್ಟಿದ ಕ್ಯಾಡ್ಮಸ್ ಬಿತ್ತಿದ ಸರ್ಪದ ಹಲ್ಲುಗಳಿಂದ ಹುಟ್ಟಿದವರ ವಂಶ ತನ್ನದೆಂದು ಸೂಚಿಸಲು ಅದು ಎಂದು ಪ್ರವಾಸಿ ಪೌಸೇನಿಯಸ್ ವಿವರಿಸುತ್ತಾನೆ. ಅದೇ ಪೌಸೇನಿಯಸ್ ಒಲಿಂಪಿಯಾದ ಶಿಲ್ಪವೊಂದರಲ್ಲಿ ಕ್ರೀಟ್‌ನ ಪುರಾಣಪ್ರಸಿದ್ಧ ಅರಸ ಇಡೋಮೆನಿಯಸ್ಸನ ಗುರಾಣಿಯ ಮೇಲೆ ಹುಂಜವನ್ನು ಕಂಡು, ಹುಂಜ ಸೂರ್ಯನ ಹಕ್ಕಿ, ಇಡೋಮೆನಿಯಸ್ ಸೂರ್ಯನ ವಂಶದವನು ಎಂದು ಲೆಕ್ಕ ಹೊಂದಿಸುತ್ತಾನೆ. ಹಾವೆಂದರೆ ಭಯ, ಹುಂಜವೆಂದರೆ ಜಗಳಗಂಟತನ ಎಂಬ ಪಟ್ಟಿ ಇಟ್ಟುಕೊಂಡು ಕೂತವರಿಗೆ ಈ ಎರಡೂ ಸಿಗುತ್ತಿರಲಿಲ್ಲ.

ಒಬ್ಬನ ಸ್ವಂತ ಆಯ್ಕೆಗೆ ಬಂದರೆ ಅಥೆನ್ಸಿನ ಸೇನಾನಿ ಆಲ್ಸಿಬಯಾಡೀಸ್. ಚಿನ್ನದ ಅವನ ಗುರಾಣಿಯ ಮೇಲೆ ಸಿಡಿಲು ಹಿಡಿದ ಕಾಮದೇವ ಈರೋಸ್ ಇದ್ದನಂತೆ. ಇದನ್ನು ಹೇಳುವ ಪ್ಲುಟಾರ್ಕ್ ಸುಮಾರು 500 ವರ್ಷ ಆಮೇಲಿನವನು, ಆ "ಅಂತೆ"ಯನ್ನು ಬಿಡಬೇಡಿ.

7. ಈಗ ಅರ್ಥಕ್ಕೆ ಬನ್ನಿ

ಅರ್ಥದ ಬಗ್ಗೆ ಗ್ರೀಕರೇ ಜಗಳವಾಡುತ್ತಿದ್ದರು. ಈಸ್ಕಿಲಸ್ ಕ್ರಿ.ಪೂ. 467ರಲ್ಲಿ ಆಡಿಸಿದ ಥೀಬ್ಸ್ ವಿರುದ್ಧ ಏಳು ಮಂದಿ ಎಂಬ ನಾಟಕದ ನಡುಭಾಗವೆಲ್ಲ ಈ ಜಗಳವೇ. ಊರಿನ ಏಳು ಬಾಗಿಲಿಗೆ ಏಳು ಮಂದಿ ವೈರಿಗಳು ಬಂದಿದ್ದಾರೆ. ದೂತ ಒಬ್ಬೊಬ್ಬರ ಗುರಾಣಿಯನ್ನು ಬಣ್ಣಿಸುತ್ತಾನೆ, ಅರಸ ಎಟಿಯೊಕ್ಲೀಸ್ ಒಂದೊಂದನ್ನೂ ತಿರುಗಿಸಿ ಓದುತ್ತಾನೆ. ಟೈಡಿಯಸ್‌ನ ಗುರಾಣಿಯಲ್ಲಿ ನಕ್ಷತ್ರ ತುಂಬಿದ ರಾತ್ರಿ, ನಡುವೆ ಹುಣ್ಣಿಮೆಯ ಚಂದ್ರ. ಅರಸನ ಉತ್ತರ: ಆ ರಾತ್ರಿ ಅವನ ಕಣ್ಣಿನ ಮೇಲೇ ಇಳಿಯಲಿ. ಹಿಪೊಮೆಡಾನ್ ಬೆಂಕಿಯುಗುಳುವ ಟೈಫಾನ್‌ನನ್ನು ಹೊತ್ತು ಬಂದರೆ, ಅವನೆದುರು ಜೀಯಸ್‌ನ ಗುರಾಣಿಯ ಹೈಪರ್ಬಿಯಸ್ ನಿಲ್ಲುತ್ತಾನೆ. ಪುರಾಣದಲ್ಲಿ ಸೋತವನು ಇಲ್ಲಿ ಹೇಗೆ ಗೆದ್ದಾನು? ಪಾರ್ಥೆನೋಪಿಯಸ್ ಥೀಬ್ಸ್‌ಗೆ ಅವಮಾನವಾಗಲೆಂದು ಅದೇ ಊರನ್ನು ಕಾಡಿದ್ದ ಸ್ಫಿಂಕ್ಸ್ ಅನ್ನು ತಂದಿದ್ದಾನೆ, ಅವಳ ಉಗುರಿನಲ್ಲಿ ಥೀಬ್ಸ್‌ನ ಒಬ್ಬ ಗಂಡಸು. ಗೋಡೆಯ ಕೆಳಗೆ ಏಟು ಬಿದ್ದಾಗ ಸ್ಫಿಂಕ್ಸ್ ತನ್ನನ್ನು ಹೊತ್ತವನನ್ನೇ ಬೈಯುತ್ತಾಳೆ ಎನ್ನುತ್ತಾನೆ ಅರಸ. ಆಂಫಿಯರಾಸ್ ಎಂಬ ಜ್ಞಾನಿಯ ಗುರಾಣಿ ಮಾತ್ರ ಬೋಳು, ಏಕೆಂದರೆ ಅವನಿಗೆ ಶ್ರೇಷ್ಠನಂತೆ ಕಾಣುವುದು ಬೇಡ, ಶ್ರೇಷ್ಠನಾಗಬೇಕು. ಹೆದರಬೇಕಾದವನು ಇವನೇ ಎಂದು ದೂತ ಎಚ್ಚರಿಸುವುದು ಆ ಬೋಳು ಗುರಾಣಿಯವನ ಬಗ್ಗೆ.

ಇನ್ನೊಂದು ತುದಿಯಲ್ಲಿ ಅರಿಸ್ಟಾಫನೀಸ್. ಕ್ರಿ.ಪೂ. 425ರ ಅವನ ಅಕಾರ್ನಿಯನ್ನರು ನಾಟಕದಲ್ಲಿ ಲಾಮಾಕಸ್ ಎಂಬ ನಿಜವಾದ ಸೇನಾನಿ ಗಾರ್ಗನ್ ಗುರಾಣಿ ಹಿಡಿದು ಅಬ್ಬರಿಸುತ್ತ ಬರುತ್ತಾನೆ. ಶಾಂತಿ ಬಯಸುವ ರೈತ ಡೈಕಿಯೊಪೊಲಿಸ್ ಹೆದರಿದಂತೆ ನಟಿಸಿ, ಆ ಗುಮ್ಮನನ್ನು ಮಗುಚಿಡು ಎಂದು ಬೇಡಿಕೊಂಡು, ಶಿರಸ್ತ್ರಾಣದ ಒಂದು ಗರಿಯನ್ನೂ ಇಸಿದುಕೊಳ್ಳುತ್ತಾನೆ. ಯಾಕೆ? ಗಂಟಲಿಗೆ ಹಾಕಿ ಗುರಾಣಿಯೊಳಗೇ ವಾಂತಿ ಮಾಡಲು.

ಆದ್ದರಿಂದ ನಿಮ್ಮ ಉತ್ತರವನ್ನು ಮೂರು ಪದರಗಳಲ್ಲಿ ಬರೆಯಿರಿ: ಕಣ್ಣಿಗೆ ಕಂಡದ್ದು, ಆ ಕಾಲದ ಗ್ರೀಕರು ಅದರ ಬಗ್ಗೆ ಹೇಳಿದ್ದು, ನಿಮ್ಮ ಊಹೆ. ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ. ಒಂದು ಮಾದರಿ. 1977ರಲ್ಲಿ ಮನೋಲಿಸ್ ಆಂಡ್ರೊನಿಕೋಸ್ ಉತ್ತರ ಗ್ರೀಸಿನ ವೆರ್ಗಿನಾದಲ್ಲಿ ತೆರೆದ ಸಮಾಧಿಯಲ್ಲಿ ಚಿನ್ನ ಮತ್ತು ದಂತದ ಗುರಾಣಿಯೊಂದು ಸಿಕ್ಕಿತು. ಕಂಡದ್ದು: ನಡುವೆ ದಂತದ ಇಬ್ಬರು, ಒಬ್ಬ ಯೋಧ ಮತ್ತು ಕುಸಿಯುತ್ತಿರುವ ಅಮೆಜಾನ್. ಗ್ರೀಕ್ ಕಥೆಯ ಆಧಾರ: ಅಕಿಲೀಸ್ ಅಮೆಜಾನರ ರಾಣಿ ಪೆಂಥೆಸಿಲಿಯಾಳನ್ನು ಕೊಂದದ್ದು, ಹೆಚ್ಚಿನವರು ಈ ಜೋಡಿಯನ್ನು ಅವರೆಂದೇ ಗುರುತಿಸುತ್ತಾರೆ. ಊಹೆ: ಕಾಳಗಕ್ಕೆ ಒದಗದ ಇಂಥ ನಾಜೂಕಿನ ವಸ್ತು ಆಸ್ಥಾನದವರ ಕಣ್ಣಿಗೆಂದು ಮಾಡಿದ್ದು, ಅರಸನನ್ನು ಅಕಿಲೀಸನ ಪಕ್ಕ ನಿಲ್ಲಿಸುವುದು ಉದ್ದೇಶ. ಸಮಾಧಿ ಅಲೆಕ್ಸಾಂಡರನ ತಂದೆ, ಮ್ಯಾಸಿಡೋನಿಯಾದ ಅರಸ ಎರಡನೆಯ ಫಿಲಿಪ್‌ನದೋ, ಅವನ ಇನ್ನೊಬ್ಬ ಮಗ ಮೂರನೆಯ ಫಿಲಿಪ್ ಅರಿಡಿಯಸ್‌ನದೋ ಎಂಬ ವಾದ ಇನ್ನೂ ನಡೆದಿರುವುದರಿಂದ, "ಅಲೆಕ್ಸಾಂಡರನ ತಂದೆಯ ಗುರಾಣಿ" ಎಂಬ ಶೀರ್ಷಿಕೆಯನ್ನು ಮೂರನೆಯ ಪದರದಲ್ಲೇ ಇಡಿ.

ಅಭ್ಯಾಸಕ್ಕೆ ಯುರೋಪಿಗೆ ಹೋಗಬೇಕಿಲ್ಲ. ಕ್ರಿ.ಪೂ. 2ನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಮೆನಾಂಡರ್, ಅಂದರೆ ಬೌದ್ಧ ಗ್ರಂಥಗಳ ಮಿಲಿಂದ, ತನ್ನ ಕೆಲವು ಬೆಳ್ಳಿ ನಾಣ್ಯಗಳಲ್ಲಿ ಈಟಿ ಎತ್ತಿ, ಭುಜದ ಮೇಲೆ ಈಜಿಸ್ ಹೊದ್ದು ನಿಂತಿದ್ದಾನೆ. ಹಿಂಬದಿಯಲ್ಲಿ ಸಿಡಿಲೆತ್ತಿದ ಅಥೀನಾ ಮತ್ತು ವಾಯವ್ಯ ಭಾರತದ ಪ್ರಾಚೀನ ಲಿಪಿಯಾದ ಖರೋಷ್ಠಿಯ ಬರಹ. ದೊಡ್ಡ ನಾಣ್ಯಸಂಗ್ರಹಗಳ ಜಾಲತಾಣಗಳಲ್ಲಿ ಒಳ್ಳೆಯ ಚಿತ್ರಗಳು ಸಿಗುತ್ತವೆ. ಒಂದನ್ನು ತೆಗೆದು ಮೂರನೆಯ ಹಂತದ ಪ್ರಶ್ನೆಯಿಂದಲೇ ಶುರುಮಾಡಿ: ಒಂದು ಬದಿಯಲ್ಲಿ ಗ್ರೀಕ್, ಇನ್ನೊಂದು ಬದಿಯಲ್ಲಿ ಖರೋಷ್ಠಿ ಇರುವ ಈ ನಾಣ್ಯದ ಈಜಿಸ್ ಯಾರ ಕಣ್ಣಿಗೆ?